ಹರ್ತ್ಯಾಕಿಯ ಹೆಸರು

ನನ್ನ ಬಾಯಿ ಯಾವಾಗಲೂ ನನ್ನ ಬುದ್ಧಿಗಿಂತ ಎರಡು ಹೆಜ್ಜೆ ಮುಂದೆ ಇರುತ್ತದೆ. ಇಲ್ಲದಿದ್ದರೆ ಬಳಗದವರೆಲ್ಲ ಇರುವ ವಾಟ್ಸಾಪ್ ಗುಂಪಿನಲ್ಲಿ ‘ಕೂಸಿಗೆ ನಮ್ಮ ಮುತ್ತಜ್ಜಿ ಹೆಸರು ಇಡತೀನಿ’ ಎಂದು ಬರೆದು, ಮೇಲೆ ನಾಲ್ಕು ಹೂವಿನ ಚಿತ್ರ ಅಂಟಿಸುವ ಮೊದಲು, ಆ ಹೆಸರು ನನಗೆ ಗೊತ್ತಿದೆಯೇ ಎಂದು ಒಂದು ಗಳಿಗೆ ಯೋಚಿಸುತ್ತಿದ್ದೆ.

ಕೂಸು ನನ್ನ ತಮ್ಮ ಮಲ್ಲುವಿನದು. ನಮ್ಮ ಕಡೆ ತೊಟ್ಟಿಲಲ್ಲಿ ಹಾಕಿದ ಕೂಸಿನ ಕಿವಿಯಲ್ಲಿ ‘ಕುರ್ರ್’ ಎಂದು ಹೆಸರು ಹೇಳುವ ಹಕ್ಕು ಸೋದರತ್ತೆಯದು. ಹೇಳಿದ್ದಕ್ಕೆ ಸುತ್ತ ನಿಂತ ಹೆಂಗಸರು ಬೆನ್ನಿಗೆ ಗುದ್ದುತ್ತಾರೆ, ಅದು ಬೇರೆ ಮಾತು. ಇದಕ್ಕಿಂತ ದೊಡ್ಡ ಅಧಿಕಾರ ನನಗೆ ಈವರೆಗೆ ಸಿಕ್ಕಿಲ್ಲ. ಮೇಲಾಗಿ ಇದು ಕಾದು ಕಾದು ಪಡೆದ ಕೂಸು. ಮಲ್ಲುವಿನ ಹೆಂಡತಿ ಸವಿತಾಳಿಗೆ ಮೊದಲು ಎರಡು ಸಲ ಬಸಿರು ನಿಂತಿರಲಿಲ್ಲ. ಇದೂ ತಿಂಗಳು ತುಂಬುವ ಮೊದಲೇ ಹುಟ್ಟಿ, ದವಾಖಾನೆಯ ಗಾಜಿನ ಪೆಟ್ಟಿಗೆಯಲ್ಲಿ ಎರಡು ವಾರ ಮಲಗಿ ಮನೆಗೆ ಬಂದದ್ದು. ಇಂಥ ಕೂಸಿಗೆ ಮೊಬೈಲಿನಲ್ಲಿ ಹುಡುಕಿದ ಹೆಸರು ಸಾಲದು, ಹಿಂದೆ ಯಾರಾದರೂ ಗಟ್ಟಿಯಾಗಿ ಬಾಳಿದ ಹೆಸರು ಬೇಕು ಎಂದು ನನಗೆ ಅನ್ನಿಸಿತ್ತು.

ಗಟ್ಟಿಯಾಗಿ ಬಾಳಿದವಳೆಂದರೆ ಹರ್ತಿ ಆಯಿ, ನಮ್ಮ ಅಪ್ಪನ ಅಜ್ಜಿ. ಸಣ್ಣ ವಯಸ್ಸಿನಲ್ಲೇ ಗಂಡ ಹೋದ ಮೇಲೆ ಮುಂಡರಗಿಯ ಹೊಲ, ಮನೆ, ಇಬ್ಬರು ಮಕ್ಕಳು, ಎಲ್ಲವನ್ನೂ ಒಬ್ಬಳೇ ಹಿಡಿದು ನಿಲ್ಲಿಸಿದವಳು. ಆಮೇಲೆ ತಾಯಿಯಿಲ್ಲದ ಮೊಮ್ಮಗನನ್ನೂ, ಅಂದರೆ ನಮ್ಮ ಅಪ್ಪನನ್ನೂ, ಅವಳೇ ಬೆಳೆಸಿದಳು. ಅಪ್ಪನಿಗೆ ಈಗ ಎಂಬತ್ತೆರಡು, ಕಿವಿ ಮಂದ. ಮುಂಡರಗಿಗೆ ಹೋಗಿ ಅವರನ್ನೇ ಕೇಳಿದೆ.

“ಅಪ್ಪಾ, ಹರ್ತಿ ಆಯಿ ಹೆಸರೇನು?”

“ಹರ್ತಿ ಆಯಿ.”

“ಅದು ಊರಿನ ಹೆಸರಾತು. ಆಕಿ ಹೆಸರು?”

“ಆಯಿಗೆ ಯಾರರ ಹೆಸರು ಕೇಳ್ತಾರೇನ ಹುಚ್ಚಿ? ಮಂದಿ ಹರ್ತ್ಯಾಕಿ ಅಂತಿದ್ರು, ನಾ ಆಯಿ ಅಂತಿದ್ದೆ. ಆಕಿ ಓ ಅಂತಿದ್ಲು.”

ಮತ್ತೆ ತಾವಾಗಿಯೇ, “ಕೇಳಬೇಕಾಗಿತ್ತು ನೋಡು” ಎಂದರು. ಅವರ ಮುಖ ಸಣ್ಣದಾಗಿತ್ತು. ಅಲ್ಲಿಯವರೆಗೆ ಇದು ನನ್ನ ಜಂಬದ ಪ್ರಶ್ನೆಯಾಗಿತ್ತು, ಆಮೇಲೆ ಆಗಿ ಉಳಿಯಲಿಲ್ಲ. ತೊಟ್ಟಿಲಿಗೆ ಇನ್ನು ಹನ್ನೆರಡು ದಿನವಿತ್ತು.

ನಾನು ಬೆಟಗೇರಿಯ ಒಂದು ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುತ್ತೇನೆ. ಯಾವ ರಾಜನ ಪಟ್ಟದರಸಿ ಯಾರು ಎಂದು ನಿದ್ದೆಗಣ್ಣಿನಲ್ಲಿ ಕೇಳಿದರೂ ಹೇಳಿಯೇನು. ತಿರುಗಿಸಿ ನಿನ್ನ ಮುತ್ತಜ್ಜಿ ಯಾರು ಎಂದು ಯಾವ ಹುಡುಗಿಯಾದರೂ ಕೇಳಿದ್ದರೆ ನನ್ನ ಗತಿ ಏನಾಗುತ್ತಿತ್ತು? ನಾಚಿಕೆಯಾಯಿತು. ಸುಳ್ಳೇಕೆ ಹೇಳಲಿ, ಜೊತೆಗೆ ಹುರುಪೂ ಬಂತು. ಇಷ್ಟು ವರ್ಷ ಬೇರೆಯವರು ಅಗೆದು ತೆಗೆದದ್ದನ್ನು ಓದಿಸಿದ್ದೆ. ಈಗ ಅಗೆಯಲು ನನ್ನದೇ ಒಂದು ದಿಬ್ಬ ಸಿಕ್ಕಿತ್ತು.

ಮೊದಲು ಹಳೆಯ ಭೂದಾಖಲೆ. ಅರ್ಜಿ ಕೊಟ್ಟು ನಾಲ್ಕನೇ ದಿನ ಮುತ್ತಜ್ಜನ ಹೊಲ ಮಕ್ಕಳ ಹೆಸರಿಗೆ ಆದ ದಾಖಲೆ, ವಾರಸಾ ವರ್ದಿ, ಕೈಗೆ ಬಂತು. ಮುತ್ತಜ್ಜ ಅದರಲ್ಲಿ ‘ಮಯತ’ ಆಗಿದ್ದ, ಎಂದರೆ ತೀರಿಕೊಂಡವನು. ಅವನ ಇಬ್ಬರು ಮಕ್ಕಳ ಹೆಸರು ಇದ್ದವು. ಅವುಗಳ ಮುಂದೆ ‘ಅ.ಪಾ.ಕ. ತಾಯಿ ಖುದ್ದ’ ಎಂದಿತ್ತು. ಕೆಳಗೆ ಒಂದು ಹೆಬ್ಬೆಟ್ಟಿನ ಗುರುತು. ನಾನು ಅಲ್ಲೇ ನಿಂತು ಮಲ್ಲುವಿಗೆ ಫೋನು ಮಾಡಿದೆ.

“ಲೇ ಮಲ್ಲು, ಸಿಕ್ಕಿತು! ಅ.ಪಾ.ಕ. ಅಂತ ಐತಿ. ಅಂದ್ರ ಅಂಬವ್ವನೋ ಅಕ್ಕವ್ವನೋ ಇರಬೇಕು. ಪಾ ಅಂದ್ರ ಆಕಿ ಅಪ್ಪನ ಹೆಸರು, ಕ ಅಂದ್ರ ಅಡ್ಡಹೆಸರು.”

ದಾಖಲೆ ಕೋಣೆಯ ಹಿರಿಯರು ಕನ್ನಡಕದ ಮೇಲಿನಿಂದ ನನ್ನನ್ನೇ ನೋಡುತ್ತಿದ್ದರು. “ಅಕ್ಕಾರ, ಅದು ಹೆಸರಲ್ರಿ. ಅಜ್ಞಾನ ಪಾಲನಕರ್ತ. ಸಣ್ಣ ಹುಡುಗರು ಅಂದ್ರ ನಮ್ಮ ದಫ್ತರದಾಗ ಅಜ್ಞಾನ. ಅವರನ್ನ ನೋಡಿಕೊಳ್ಳಾಕಿ ಅ.ಪಾ.ಕ.”

ಅಷ್ಟರಲ್ಲಿ ಮಲ್ಲುವಿನಿಂದ ವಿಷಯ ವಾಟ್ಸಾಪ್ ಗುಂಪು ಮುಟ್ಟಿ, ಶಿರಹಟ್ಟಿಯಲ್ಲಿರುವ ಬಳಗದ ಅಳಿಯನೊಬ್ಬ ‘ಅಂಬವ್ವ ಚೊಲೊ ಐತಿ’ ಎಂದು ಹೆಬ್ಬೆರಳು ಎತ್ತಿಯೂ ಆಗಿತ್ತು. ನಾನು ನಗುತ್ತಲೇ ಕಾಗದವನ್ನು ಮತ್ತೆ ನೋಡಿದೆ. ಹೆಬ್ಬೆಟ್ಟಿನ ಗೆರೆಗಳು ಒಂದೊಂದೂ ಕಾಣುತ್ತಿದ್ದವು. ಅದರ ಮೇಲೆ ನನ್ನ ಹೆಬ್ಬೆರಳು ಇಟ್ಟೆ. ಅವಳದು ನನ್ನದಕ್ಕಿಂತ ಅಗಲ. ನಾನು ಕೇಳದೆಯೇ ಹಿರಿಯರು ನೀರು ಕೊಟ್ಟರು.

ರವಿವಾರ ಮಲ್ಲುವನ್ನು ಎಬ್ಬಿಸಿಕೊಂಡು ಹರ್ತಿಗೆ ಹೋದೆ. ಕಟ್ಟೆಯ ಮೇಲೆ ಕೂತ ಹೆಂಗಸರಿಗೆ, “ಹರ್ತ್ಯಾಕಿ ತವರುಮನಿ ಯಾವುದ್ರಿ?” ಎಂದು ಕೇಳಿದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗಲಿಕ್ಕೆ ಹತ್ತಿದರು. “ಯವ್ವಾ, ಇಲ್ಲಿ ಹುಟ್ಟಿದವರೆಲ್ಲಾ ಹರ್ತ್ಯಾಕ್ಯಾರ. ನಿನಗ ಯಾವಾಕಿ ಬೇಕು?”

ಹದಿನಾಲ್ಕು ವರ್ಷ ಪಾಠ ಮಾಡಿದವಳ ಬುದ್ಧಿ ಇದು. ಮುಂಡರಗಿಗೆ ಸೊಸೆಯಾಗಿ ಬಂದವಳನ್ನು ಮುಂಡರಗಿಯವರು ಹರ್ತ್ಯಾಕಿ ಎಂದರು, ಸರಿ. ಹರ್ತಿಯವರು ಯಾಕೆ ಅನ್ನುತ್ತಾರೆ? ಗಂಡನ ಊರು, ಸತ್ತ ಗಂಡ, ಇಬ್ಬರು ಮಕ್ಕಳು ಎಂದು ಬಿಡಿಸಿ ಹೇಳಿದ ಮೇಲೆ ಒಬ್ಬ ಅಜ್ಜ ಎದ್ದು ಬಂದರು. “ಮುಂಡರಗಿ ಅತ್ತೀನ ಕೇಳ್ತೀರೇನು? ಆಕಿ ನಮ್ಮ ಮುತ್ಯಾನ ತಂಗಿ. ಬರ್ರಿ, ಒಳಗ ಕುಂಡ್ರಿ.”

ಹೀಗೆ ನಮ್ಮ ಆಯಿ ಮುಂಡರಗಿಯಲ್ಲಿ ಹರ್ತಿಯವಳು, ಹರ್ತಿಯಲ್ಲಿ ಮುಂಡರಗಿಯವಳು. ಎರಡು ಊರೂ ಅವಳನ್ನು ಇನ್ನೊಂದರ ಲೆಕ್ಕಕ್ಕೆ ಹಾಕಿ ಕೈ ತೊಳೆದುಕೊಂಡಿದ್ದವು. ಹೆಸರು ಅಜ್ಜನಿಗೂ ಗೊತ್ತಿರಲಿಲ್ಲ. ಆದರೆ ಅವರು ಚಹಾ ಮುಗಿಸಿ, “ನಮ್ಮ ಹೆಳವರ ಪುಸ್ತಕದಾಗ ಇರಬೇಕು” ಎಂದು ಜೇಬಿನಿಂದ ಮೊಬೈಲು ತೆಗೆದರು. ಹೆಳವರೆಂದರೆ ಒಕ್ಕಲು ಮನೆತನಗಳ ವಂಶಾವಳಿಯನ್ನು ತಲೆತಲಾಂತರದಿಂದ ಬರೆದಿಟ್ಟುಕೊಂಡು, ಕೆಲವು ವರ್ಷಕ್ಕೊಮ್ಮೆ ಬಾಗಿಲಿಗೆ ಬಂದು ಓದಿ ಹೇಳುವವರು. ಮೊದಲು ಎತ್ತಿನ ಮೇಲೆ ಬರುತ್ತಿದ್ದರು. ಇವರ ಹೆಳವರು ಈಗ ಲಕ್ಷ್ಮೇಶ್ವರದಲ್ಲಿ ಬಿಡಾರ ಮಾಡಿದ್ದಾರೆಂದು ಖಬರು ಬಂತು.

ಅಲ್ಲಿಂದಲೇ ಹೊರಟೆವು, ದಾರಿಯಲ್ಲಿ ಮಾಗಡಿ ಕೆರೆ. ಹಕ್ಕಿ ನೋಡಿ ಹೋಗೋಣ ಎಂದು ಮಲ್ಲು ಗಾಡಿ ನಿಧಾನ ಮಾಡಿದ. ಹಿಮಾಲಯದ ಆಚೆಯಿಂದ ಬರುವ ಹೆಬ್ಬಾತುಗಳ ಹೆಸರೇನು, ಊರೇನು, ಯಾವ ತಿಂಗಳು ಬರುತ್ತವೆ, ಎಲ್ಲವೂ ಜನಕ್ಕೆ ಗೊತ್ತು. ಹರ್ತಿಯಿಂದ ಮುಂಡರಗಿಗೆ ಬಂದವಳ ಹೆಸರು ಮಾತ್ರ ಗೊತ್ತಿಲ್ಲ. “ಹಕ್ಕಿ ನಾಳೆನೂ ಇರ್ತಾವ, ಹೆಳವರು ಇರೂದಿಲ್ಲ, ಜಲ್ದಿ ನಡಿ” ಎಂದೆ.

ಹೆಳವರು ದಪ್ಪ ಪುಸ್ತಕ ಬಿಚ್ಚಿ, ಬೆರಳು ಇಳಿಸುತ್ತ ಇಳಿಸುತ್ತ ಒಂದು ಕಡೆ ನಿಲ್ಲಿಸಿದರು. ನಾನೂ ಮಲ್ಲುವೂ ಪುಸ್ತಕದ ಮೇಲೆ ಬಗ್ಗಿದೆವು. ಅವರು ರಾಗವಾಗಿ ಓದಿದರು: “ಮೊದಲಿನ ಮೂರು ಕೂಸು ಉಳೀಲಿಲ್ಲ. ನಾಲ್ಕನೇದು ಹೆಣ್ಣು. ತಿಪ್ಪಿಮ್ಯಾಲೆ ಹಾಕಿದ್ರು, ಮೊರದಾಗ ಎತ್ತಿಕೊಂಡು ತಂದ್ರು. ತಿಪ್ಪವ್ವ. ಮುಂಡರಗಿಗೆ ಕೊಟ್ಟಾರ.”

ತಿಪ್ಪವ್ವ. ಖರೆ ಹೇಳುತ್ತೇನೆ, ಮೊದಲು ಕಣ್ಣ ಮುಂದೆ ಬಂದದ್ದು ಸವಿತಾಳ ಮೊಬೈಲಿನ ಪಟ್ಟಿ. ಅಲ್ಲಿ ಅನ್ವಿತಾ ಇದ್ದಳು, ಆರಾಧ್ಯಾ ಇದ್ದಳು. ಅವರ ನಡುವೆ ತಿಪ್ಪೆಯಿಂದ ಎದ್ದು ಬಂದ ಇವಳನ್ನು ಎಲ್ಲಿ ಕೂಡಿಸಲಿ? ಮಲ್ಲು ಆಗಲೇ ಆಕಾಶ ನೋಡುತ್ತಿದ್ದ.

ಹೆಳವರು ಪೆನ್ನು ತೆಗೆದರು. “ಕೇಳಾಕ ಬಂದವರು ಯಾರು ಅಂತ ಬರೀಲಿ?”

“ಮುಂಡರಗಿ ಮನಿ ಮಗಳು. ಬೆಟಗೇರಿಗೆ ಕೊಟ್ಟಾರ” ಎಂದೆ.

ಅವರ ಪೆನ್ನು ಅಲ್ಲೇ ನಿಂತಿತ್ತು. “ಊರು ಎರಡೂ ಆತು. ಹೆಸರು?”

ಇಷ್ಟು ದಿನ ಒಂದು ಹೆಸರಿಗಾಗಿ ಊರೂರು ಅಲೆದ ನಾನೂ ನನ್ನ ಹೆಸರು ಬಿಟ್ಟು ಊರನ್ನೇ ಹೇಳಿದ್ದೆ. ಅತ್ತೆಯ ಮನೆಯ ಓಣಿಯಲ್ಲಿ ನಾನು ಇಂದಿಗೂ ಮುಂಡರಗ್ಯಾಕಿ. ಅನ್ನಪೂರ್ಣ ಎಂದು ಹೇಳಿ, ಒತ್ತಕ್ಷರ ಸರಿಯಾಗಿದೆಯೇ ಎಂದು ಬಗ್ಗಿ ನೋಡಿ ಬಂದೆ.

ಸವಿತಾಳಿಗೆ ಹೆಸರು ಹೇಳುವ ಮೊದಲು ಕಥೆ ಹೇಳಿದೆ. ಇದು ಹೇಡಿಗಳ ಉಪಾಯ. ಸತ್ತ ಮೂರು ಕೂಸು, ತಿಪ್ಪೆಯ ಮೇಲೆ ಹಾಕಿ ಇದು ಯಾರಿಗೂ ಬೇಡದ್ದು ಎಂದು ಸಾವಿಗೆ ಸುಳ್ಳು ಹೇಳಿದ್ದು, ಮೊರದಲ್ಲಿ ಎತ್ತಿಕೊಂಡದ್ದು. ಅವಳು ಕೂಸಿನ ಅಂಗಾಲು ಸವರುತ್ತ ಕೇಳಿದಳು. “ನಾ ಗಾಜಿನ ಪೆಟ್ಟಿಗಿ ಮುಂದ ನಿಂತು ಇದನ್ನ ಉಳಿಸು ಅಂತ ಬೇಡಿಕೊಂಡೇನ್ರಿ ಅಕ್ಕಾ” ಎಂದಳು. “ದಾಖಲೆದಾಗ ಅನ್ವಿತಾ ಇರ್ಲಿ. ಕಿವ್ಯಾಗ ಮೊದಲ ತಿಪ್ಪವ್ವ ಅನ್ರಿ.”

ತೊಟ್ಟಿಲ ದಿನ ಬಗ್ಗಿ, ‘ಕುರ್ರ್, ತಿಪ್ಪವ್ವ’ ಎಂದೆ. ಬೆನ್ನಿಗೆ ಗುದ್ದು ಬಿದ್ದವು. ಕುರ್ಚಿಯಲ್ಲಿದ್ದ ಅಪ್ಪ, “ಏನಂದಿ?” ಎಂದರು. ಅವರಿಗೆ ಕೇಳಿಸಬೇಕೆಂದರೆ ಇಡೀ ಓಣಿಗೆ ಕೇಳಿಸಲೇಬೇಕು. “ತಿಪ್ಪವ್ವ! ನಿಮ್ಮ ಆಯಿ ಹೆಸರು!”

ಅಪ್ಪ ಎದ್ದು ಬಂದು ತೊಟ್ಟಿಲ ಹಗ್ಗ ಹಿಡಿದರು. ತುಟಿ ಎರಡು ಸಲ ಅಲುಗಿದವು. ಆಮೇಲೆ ಮೆಲ್ಲಗೆ, “ತಿಪ್ಪವ್ವಾ” ಎಂದರು.

ಕೂಸು ಬಾಯಿ ತೆರೆದು ದೊಡ್ಡದಾಗಿ ಆಕಳಿಸಿತು.

“ಕೇಳಿದ್ರೇನು?” ಅಪ್ಪ ನಮ್ಮೆಲ್ಲರ ಕಡೆ ತಿರುಗಿದರು. “ಓ ಅಂದ್ಲು.”

ಇತಿಹಾಸ ಕಲಿಸುವವಳು, ಅದು ಬರೀ ಆಕಳಿಕೆ ಎಂದು ತಿದ್ದಬೇಕಾಗಿತ್ತು. ಬಾಯಿ ಆಗಲೇ ಮುಂದೆ ಓಡಿತ್ತು. “ಹೌದ್ರಿ ಅಪ್ಪಾ, ನಾನೂ ಕೇಳಿದೆ” ಎಂದುಬಿಟ್ಟಿತು.