ಮರಳಿಗೆ ಹೊಡೆಯಲು ಕಲಿಸಿದ ಮಾಲಿ

ನನ್ನ ಮೊಮ್ಮಗಳು ಇವತ್ತು ಮಕ್ಕಳ ಗಾಲ್ಫ್ ಪಂದ್ಯ ಗೆದ್ದಳು. ಕಲಿಸಿದವನು ವಿಶಾಖಪಟ್ಟಣದ ಗಾಲ್ಫ್ ಮೈದಾನದ ಮಾಲಿ. ನೌಕಾಪಡೆಯಲ್ಲಿ ಅಡುಗೆಯವನಾಗಿದ್ದ ನಾನೂ ಅವನ ಶಿಷ್ಯನೇ. ಮರಳುಗುಂಡಿಗೆ ಬಿದ್ದ ಚೆಂಡಿನ ಹಿಂದೆ ಎರಡು ಬೆರಳಗಲ ಬಿಟ್ಟು ಗೆರೆ ಎಳೆದು, "ಚೆಂಡು ಮರೀರಿ ತಾತಗಾರು, ಮರಳಿಗೆ ಹೊಡೀರಿ, ಮರಳೇ ಚೆಂಡನ್ನ ಎತ್ತುತ್ತೆ" ಅನ್ನುತ್ತಿದ್ದ. ನಾನು ಚೆಂಡಿಗೇ ಹೊಡೆಯುತ್ತಿದ್ದೆ. ಕೆದರಿದ ಮರಳನ್ನು ನನ್ನಿಂದಲೇ ಸಮ ಮಾಡಿಸುತ್ತಿದ್ದ. ಆಟ ಬರಲಿಲ್ಲ, ಆ ಕೆಲಸ ಮಾತ್ರ ಚೆನ್ನಾಗಿ ಬಂತು.

ಇವತ್ತು ಕೊನೆಯ ಕುಳಿಯ ಹತ್ತಿರ ಅವಳ ಚೆಂಡು ಮರಳಿಗೆ ಬಿತ್ತು. ನಾನು ಕೂಗಿ ಹೇಳಿಕೊಡಲು ಬಾಯಿ ತೆರೆದೆ. ಮಾಲಿ ನನ್ನ ಮೊಣಕೈ ಹಿಡಿದು, "ನಿಮ್ಮ ಪಾಠ ಬೇಡ, ಮಗು ಗೆಲ್ಲಲಿ" ಅಂದ. ಅವಳು ಮರಳಿಗೇ ಹೊಡೆದಳು. ಚೆಂಡು ಹಾರಿ ಕುಳಿಯ ಪಕ್ಕದಲ್ಲೇ ನಿಂತಿತು.

ಸಂಜೆ ಮನೆಮಂದಿಯೆಲ್ಲ ಅವನ ಜೊತೆ ಕೂತು ಉಂಡೆವು. ಮೊಮ್ಮಗಳು ತುಪ್ಪವನ್ನು ಮೊದಲು ಅವನ ಎಲೆಗೆ, ಆಮೇಲೆ ನನ್ನದಕ್ಕೆ ಬಡಿಸಿದಳು. ನಾನು ಎರಡು ಸಲ ಅನ್ನ ಹಾಕಿಸಿಕೊಂಡೆ.