ಪೇರಳೆ ಸೌದೆಯ ಹೊಗೆ ಕುಡಿದ ಚಹಾ

ಹತ್ತನೇ ವಯಸ್ಸಿನಿಂದ ಚಹಾ ಮಾಡುತ್ತಿರುವ ನನಗೇ ಚಹಾ ಮಾಡುವುದನ್ನು ಹೇಳಿಕೊಡಲು ಬಂದವಳು, ನಾನು ಕೆಲಸ ಮಾಡುವ ಕ್ಲಿನಿಕ್ಕಿನ ಸಹಾಯಕಿ. ಆಫ್ರಿಕಾದ ಮಲಾವಿಯವಳು. ರಜೆ ಮುಗಿಸಿ ಕುವೈತಿಗೆ ಮರಳುವಾಗ ನನಗೆಂದು ಒಂದು ಪೊಟ್ಟಣ ಚಹಾಪುಡಿ ತಂದಿದ್ದಳು. ಬೆಟ್ಟದ ಬುಡದಲ್ಲಿ ಅವಳೂರಿನ ಚಹಾತೋಟವಂತೆ, ಅವಳ ಅಮ್ಮ ಅಲ್ಲಿ ಎಲೆ ಕೊಯ್ಯುವವರಂತೆ. ಪೇರಳೆ ಮರದ ಸೌದೆ ಉರಿಸಿ ಆ ಹೊಗೆಯನ್ನು ಎಲೆಗೆ ಹಿಡಿಸುತ್ತಾರಂತೆ. ಹಾಲು ಬೇಡ, ಸಕ್ಕರೆ ಬೇಡ, ಕುದಿಸಲೂ ಬೇಡ, ಬಿಸಿನೀರಿಗೆ ಹಾಕಿ ಮೂರು ನಿಮಿಷ ಮುಚ್ಚಿಡು ಎಂದು ಎರಡೆರಡು ಸಲ ಹೇಳಿದಳು. ಹೂಂ ಹೂಂ ಅಂದೆ. ಕೇಳುವವಳು ನಾನಲ್ಲ.

ಆಗ ನನ್ನ ತಲೆಯಲ್ಲಿ ಇದ್ದದ್ದು ಅಮ್ಮ ಮಾತ್ರ. ಊರಿನಲ್ಲಿ ಜ್ವರ ಬಂದು ಹೋದ ಮೇಲೆ ಅಮ್ಮನಿಗೆ ವಾಸನೆಯೇ ತಿಳಿಯುತ್ತಿರಲಿಲ್ಲ. ಅದರ ಹಿಂದೆಯೇ ರುಚಿ ಹೋಯಿತು, ಊಟವೂ ಹೋಯಿತು. ಕುವೈತಿನ ರಿಗ್ಗೈಯಲ್ಲಿರುವ ನಮ್ಮ ಮನೆಗೆ ಕರೆಸಿಕೊಂಡು ಒಂದು ತಿಂಗಳು ಕೋರಿ ರೊಟ್ಟಿ, ಬಂಗುಡೆ ಪುಳಿಮುಂಚಿ ಎಂದು ಏನೆಲ್ಲ ಮಾಡಿ ಬಡಿಸಿದೆ. ಎರಡು ತುತ್ತು ತಿಂದು "ಒಳ್ಳೆದುಂಟು" ಅನ್ನುತ್ತಿದ್ದರು. ನನ್ನ ಅಮ್ಮ ಜನ್ಮದಲ್ಲಿ ಯಾರ ಅಡುಗೆಯನ್ನೂ ಒಳ್ಳೆದುಂಟು ಅಂದವರಲ್ಲ. ಅವರ ಬಳೆ ಮೊಣಕೈವರೆಗೂ ಜಾರುತ್ತಿತ್ತು, ವೀಸಾ ಮುಗಿಯಲು ಐದೇ ದಿನ ಉಳಿದಿತ್ತು.

ಶುಕ್ರವಾರ ಬೆಳಿಗ್ಗೆ ಆ ಪೊಟ್ಟಣ ತೆರೆದೆ. ಹಾಲು, ಸಕ್ಕರೆ, ಶುಂಠಿ ಹಾಕಿ ನಮ್ಮ ಕ್ರಮದಲ್ಲಿ ಗಳಗಳ ಕುದಿಸಿದೆ. ಸುಟ್ಟ ವಾಸನೆ ಎದ್ದಿತು. ಹಾಲು ತಳ ಹಿಡಿಯಿತು ಅಂದುಕೊಂಡು ಎಲ್ಲ ಸಿಂಕಿಗೆ ಸುರಿದು, ಪಾತ್ರೆ ತಿಕ್ಕಿ, ಹೊಸ ಹಾಲಿಟ್ಟೆ. ಮತ್ತೆ ಅದೇ ವಾಸನೆ. ಅದನ್ನೂ ಸುರಿದು ನೋಡಿದರೆ ಪಾತ್ರೆಯ ತಳ ಬೆಳ್ಳಗೆ ಹೊಳೆಯುತ್ತಿದೆ. ಹಾಲಿಗೆ ಬೈದೆ, ಒಲೆಗೆ ಬೈದೆ, ಒಳಗೆ ಮಲಗಿದ್ದ ಗಂಡನಿಗೂ ಎರಡು ಬೈದೆ.

"ಎಂತ ಮಾರಾಯ್ತಿ, ಒಲೆಗೆ ಹಸಿ ಸೌದೆ ಹಾಕಿದ್ದೀಯಾ?"

ಹಿಂದಿನಿಂದ ಅಮ್ಮನ ಸ್ವರ. ನಮ್ಮದು ಕರೆಂಟಿನ ಒಲೆ. ಸೌಟು ಹಿಡಿದುಕೊಂಡೇ ತಿರುಗಿದೆ. ಅಮ್ಮ ಬಾಗಿಲಲ್ಲಿ ನಿಂತು ಮೂಗು ಅರಳಿಸುತ್ತಿದ್ದರು.

"ಅಮ್ಮಾ, ನಿಮಗೆ ಹೊಗೆ ಗೊತ್ತಾಗ್ತಾ ಉಂಟಾ?"

"ಸ್ವಲ್ಪ," ಅಂದರು ಅಮ್ಮ. ಅವರಿಗೇ ನಂಬಿಕೆಯಿರಲಿಲ್ಲ.

ಆಗ ಹೊಳೆಯಿತು, ಸುಟ್ಟದ್ದು ಹಾಲಲ್ಲ, ಅದು ಚಹಾಪುಡಿಯದೇ ಹೊಗೆ. ಈ ಸಲ ಮಾತ್ರ ಆ ಹುಡುಗಿ ಹೇಳಿದಂತೆಯೇ ಮಾಡಿದೆ. ಬಿಸಿನೀರು, ಮೂರು ನಿಮಿಷ. ಊರಿನ ಹಾಲಿಲ್ಲದ ಕಣ್ಣಚಾಯದ ಹಾಗೆ ಕೆಂಪಗೆ ಇಳಿಯಿತು. ನಾನೂ ಒಂದು ಗುಟುಕು ಕುಡಿದೆ. ಮೊದಲು ಹೊಗೆ, ಆಮೇಲೆ ಕೆಂಡದಲ್ಲಿ ಸುಟ್ಟ ಗೆಣಸಿನ ಸಿಹಿ, ನಾಲಿಗೆಯ ಬುಡದಲ್ಲಿ ಸಣ್ಣಗೆ ಹಣ್ಣಿನ ಹುಳಿ. ಇಂಥದ್ದನ್ನು ಎರಡು ಪಾತ್ರೆ ಸಿಂಕಿಗೆ ಸುರಿದೆನಲ್ಲ ಎಂದು ನನ್ನ ತಲೆಗೆ ನಾನೇ ಮೊಟಕಿಕೊಂಡೆ. ಅಮ್ಮ ಲೋಟವನ್ನು ಮೂಗಿನ ಹತ್ತಿರವೇ ಹಿಡಿದು ಪೂರ್ತಿ ಕುಡಿದರು. ಮತ್ತೊಂದು ಲೋಟ ಕೇಳಿದರು.

ಮಧ್ಯಾಹ್ನ ಮೀನುಸಾರು ಬಡಿಸಿದೆ. ಅಮ್ಮ ಒಂದು ತುತ್ತು ಬಾಯಿಗಿಟ್ಟು ಮುಖ ಸಿಂಡರಿಸಿದರು.

"ಮೆಂತೆ ಕರಟಿ ಹೋಗಿದೆಯಲ್ಲ. ನಿನಗೆ ಮೂಗು ಇಲ್ವಾ?"

ಒಂದು ತಿಂಗಳಲ್ಲಿ ಮೊದಲ ಸಲ ಅಮ್ಮ ನನ್ನ ಅಡುಗೆಯಲ್ಲಿ ತಪ್ಪು ಹುಡುಕಿದ್ದರು. ನಾನು ಅಳುತ್ತಲೇ ಇನ್ನೊಂದು ಸೌಟು ಅನ್ನ ಬಡಿಸಿದೆ. ಅಮ್ಮ ಬೇಡ ಅನ್ನಲಿಲ್ಲ.