ಯಮನವ್ವ ನಿವಾರಾ ಸ್ವಚ್ಛ ಮಾಡಿದ್ದು

ಮನೆಮಠವಿಲ್ಲದ ಬೇಘರ್ ಮಂದಿಯನ್ನು ಕಂಡರೆ ಯಮನವ್ವನಿಗೆ ಆಗುತ್ತಿರಲಿಲ್ಲ. ವರ್ಷಗಟ್ಟಲೆ ಅವರ ನಡುವೆಯೇ ಇದ್ದು, ಅವರಿಗೆ ಅನ್ನ ಬೇಯಿಸಿ, ಅವರ ಕೌದಿಗಳನ್ನು ಬಿಸಿಲಿಗೆ ಹಾಕಿ, ಜ್ವರ ಬಂದವರ ಹಣೆ ಮುಟ್ಟಿ ನೋಡುತ್ತಿದ್ದವಳು ಆಕೆಯೇ. ಆದರೂ ಆಗುತ್ತಿರಲಿಲ್ಲ. ಸಂಜೆ ಅವರು ಒಬ್ಬೊಬ್ಬರಾಗಿ ಮೆಟ್ಟಿಲು ಹತ್ತಿ ಬರುವಾಗ ಸೊಂಟದ ಮೇಲೆ ಕೈಯಿಟ್ಟು ಬಾಗಿಲಲ್ಲಿ ನಿಲ್ಲುತ್ತಿದ್ದಳು. "ಬಂದ್ವು ನೋಡ್ರಿ ಸವಾರಿಗೋಳು, ಊರ ಉಸಾಬರಿ ಮುಗಿಸ್ಕೊಂಡು," ಎಂದು ಯಾರಿಗೂ ಹೇಳದಂತೆ, ಎಲ್ಲರಿಗೂ ಕೇಳಿಸುವಂತೆ ಅನ್ನುತ್ತಿದ್ದಳು. ಕಾಲು ತೊಳೆಯದೆ ಒಳಗೆ ಬಂದವನ ಗತಿ ಅಲ್ಲಿಗೆ ಮುಗಿಯಿತು. ಅವನ ಅಪ್ಪ, ಅಜ್ಜ, ಅವನನ್ನು ಹೆತ್ತ ಊರು ಎಲ್ಲವೂ ಆಕೆಯ ನಾಲಿಗೆಗೆ ಸಿಕ್ಕು ಚಿಂದಿಯಾಗುತ್ತಿದ್ದವು.

ನಿವಾರಾ ಅಂದರೆ ಸೂರಿಲ್ಲದವರು ಮಲಗಲಿ ಎಂದು ಪಾಲಿಕೆ ಕೊಟ್ಟ ಜಾಗ. ಪುಣೆಯ ಸ್ವಾರಗೇಟಿನಿಂದ ಅಷ್ಟೇನೂ ದೂರವಿಲ್ಲದ, ಮುಚ್ಚಿಹೋದ ಶಾಲೆಯೊಂದರ ಮೇಲಿನ ಮಹಡಿ. ಗಂಡಸರಿಗೊಂದು ದೊಡ್ಡ ಕೋಣೆ, ಹೆಂಗಸರಿಗೊಂದು, ಕಬ್ಬಿಣದ ಮಂಚಗಳು, ಒಂದು ಅಡುಗೆಮನೆ. ನಡೆಸುವುದು ಒಂದು ಸಂಸ್ಥೆ, ಅನುದಾನ ಪಾಲಿಕೆಯದು. ಅನುದಾನ ಎಂಬ ಮಾತು ಕೇಳಲು ಭಾರಿ ಗಂಭೀರ. ಮೆಟ್ಟಿಲು ಹತ್ತಿ ಮೇಲೆ ಬರುವಷ್ಟರಲ್ಲಿ ಅದು ಅಕ್ಕಿ, ಗ್ಯಾಸ್ ಸಿಲಿಂಡರು, ಫಿನೈಲು ಮತ್ತು ಯಮನವ್ವನ ಪಗಾರವಾಗಿ ಸೊರಗಿರುತ್ತಿತ್ತು. ಅದೂ ಬಾರದ ತಿಂಗಳು ಸಂಸ್ಥೆಯವರು ಕೈ ಕೈ ಹಿಸುಕಿಕೊಳ್ಳುತ್ತಿದ್ದರು. ಯಮನವ್ವ ಮಾತ್ರ ಮಂಡಿಗೆ ಹೋಗಿ, ವ್ಯಾಪಾರಿಗಳನ್ನು ಬೈದು, ಬಾಡಿದ ಕಾಯಿಪಲ್ಲೆ ಹೊತ್ತು ತರುತ್ತಿದ್ದಳು.

ಆಕೆ ಸುರಪುರದ ಕಡೆಯವಳು. ಮದುವೆಯಾದ ವರ್ಷವೇ ಗಂಡ ಹುಲಿಗೆಪ್ಪನ ಬೆನ್ನು ಹತ್ತಿ ಪುಣೆಗೆ ಬಂದಳು. ಕೊಂಢವಾದಲ್ಲಿ ಬುಟ್ಟಿ ಹೊತ್ತಳು. ಹಿಂಜವಾಡಿಯಲ್ಲಿ, ಈಗ ಕಂಪನಿಯ ಗಾಡಿಗಳು ಸಾಲುಗಟ್ಟಿ ನಿಲ್ಲುವ ಕಡೆ, ಸಿಮೆಂಟು ಕಲಸಿದಳು. ಹುಲಿಗೆಪ್ಪನ ಬಗ್ಗೆ ಯಾರಾದರೂ ಕೇಳಿದರೆ, "ಇದ್ದ, ಕುಡದ, ಸತ್ತ," ಎಂದು ಮುಗಿಸಿಬಿಡುತ್ತಿದ್ದಳು. ಮಕ್ಕಳು ಉಳಿಯಲಿಲ್ಲ. ಸೊಂಟ ಹಿಡಿದ ಮೇಲೆ ಕೂಲಿಯಾಳುಗಳ ಮುಕಾದಮ ಕೆಲಸಕ್ಕೆ ಕರೆಯುವುದನ್ನು ಬಿಟ್ಟ. ಕೆಲಸದ ಜೊತೆಗೆ ಸೈಟಿನ ತಗಡಿನ ಶೆಡ್ಡೂ ಹೋಯಿತು. ಬಸ್‌ಸ್ಟ್ಯಾಂಡಿನಲ್ಲಿ ಜ್ವರದಿಂದ ನಡುಗುತ್ತ ಕೂತಿದ್ದವಳನ್ನು ಸಂಸ್ಥೆಯ ಅನುಜಾ ರಿಕ್ಷಾದಲ್ಲಿ ಹಾಕಿಕೊಂಡು ನಿವಾರಾಕ್ಕೆ ತಂದಳು. ಜ್ವರ ಬಿಟ್ಟ ದಿನ ಯಮನವ್ವ ಎದ್ದು ಮಾಡಿದ ಮೊದಲ ಕೆಲಸ ಸಂಡಾಸು ತಿಕ್ಕಿದ್ದು. ಎರಡನೆಯದು, ಅದನ್ನು ಹಾಗೆ ಇಟ್ಟುಕೊಂಡವರಿಗೆಲ್ಲ ಬೈದದ್ದು. ಆ ಮಳೆಗಾಲ ಮುಗಿಯುವಷ್ಟರಲ್ಲಿ ಆಕೆ ನಿವಾರಾದ ಕೇರ್‌ಟೇಕರ್ ಆಗಿದ್ದಳು.

ಕೇರ್‌ಟೇಕರ್ ಎಂಬ ಮಾತು ಆಕೆಯ ಬಾಯಿಗೆ ಒಗ್ಗಲಿಲ್ಲ, ಸ್ಟಾಫ್ ಎಂಬುದು ಒಗ್ಗಿತು. "ನಾ ಸ್ಟಾಫ್ ಅದೀನಿ," ಎಂದು ಹಾಲಿನವನಿಗೂ ಹೇಳುತ್ತಿದ್ದಳು, ಕೇಳದೆ ಇದ್ದವರಿಗೂ ಹೇಳುತ್ತಿದ್ದಳು. ಮಲಗುವುದು ಅಡುಗೆಮನೆಯ ಪಕ್ಕದ ಸಾಮಾನಿನ ಕೋಣೆಯಲ್ಲಿ, ಅಕ್ಕಿ ಚೀಲಗಳ ಹಿಂದೆ. ಅದು ಸಾಮಾನು ಕಾಯಲಿಕ್ಕಂತೆ. ಹಬ್ಬಕ್ಕೂ ಹುಣ್ಣಿಮೆಗೂ ಆಕೆ ಎಲ್ಲಿಗೂ ಹೋದದ್ದನ್ನು ಯಾರೂ ಕಂಡಿರಲಿಲ್ಲ. ಹಾಗಾದರೆ ನಿನಗೂ ನಮಗೂ ಏನು ಫರಕು ಎಂದು ಕೇಳುವ ಎದೆಗಾರಿಕೆ ಅಲ್ಲಿ ಯಾರಿಗೂ ಇರಲಿಲ್ಲ.

ಒಂದು ಮಾರ್ಚ್ ತಿಂಗಳಲ್ಲಿ ಅನುಜಾ ಮುಖ ಸಣ್ಣದು ಮಾಡಿಕೊಂಡು ಬಂದಳು. ಧಾರವಾಡದ ಕಡೆಯಿಂದ ಹಿಂದೆಂದೋ ಬಂದು ಕೋಥರೂಡದಲ್ಲಿ ನೆಲೆಸಿದ ಮನೆತನದ ಹುಡುಗಿ. ಒಳ್ಳೆಯವಳು. ಆದರೆ ತನಗೆ ಗೊತ್ತಿರುವುದೆಲ್ಲ ಎದುರಿಗಿದ್ದವರಿಗೂ ಗೊತ್ತೇ ಇರುತ್ತದೆ ಎಂದು ನಂಬುವಷ್ಟು ಓದಿಕೊಂಡವಳು.

"ಯಮನವ್ವಾ, ನಾಳೆ ಪಾಲಿಕೇದಿಂದ ಸಾಹೇಬ್ರು ನೋಡ್ಲಿಕ್ಕೆ ಬರ್ತಾರ್ರೀ. ಅವ್ರು ಹೂಂ ಅಂದ್ರ ಈ ವರ್ಷದ ಅನುದಾನ ಬರ್ತದ. ಇಲ್ಲಂದ್ರ ಮುಂದಿನ ತಿಂಗಳಿಂದ ನಿವಾರಾದ ಬಾಗ್ಲಾ ಹಾಕೂದ. ಎಲ್ಲಾ ವ್ಯವಸ್ಥಿತ ಇಡ್ರಿ, ಹಾಂ?"

"ಬಾಯಾರ, ನೀವು ಚಿಂತಿ ಬಿಡ್ರಿ. ಸಾಹೇಬ್ರು ಬರೋದಂದ್ರ ಏನಂತ ನನಗ ಗೊತ್ತದ."

ಗೊತ್ತಿತ್ತು ಕೂಡ. ಸೈಟಿನಲ್ಲಿ ಮಾಲಕರೋ ಫ್ಲ್ಯಾಟು ಕೊಳ್ಳುವವರೋ ಬರುವ ದಿನ ಮುಕಾದಮ ಬೆಳಿಗ್ಗೆಯೇ ಸಿಳ್ಳೆ ಹೊಡೆಯುತ್ತಿದ್ದ. ಒಲೆ ಆರಿಸಬೇಕು, ಹಗ್ಗದ ಮೇಲಿನ ಸೀರೆ ತೆಗೆಯಬೇಕು, ಹೆಂಗಸರು ಕೂಸುಗಳನ್ನು ಎತ್ತಿಕೊಂಡು ಹಿಂದಿನ ಗೋಡೆಯಾಚೆ ಹೋಗಬೇಕು. ಕಟ್ಟಿದವರು ಕಣ್ಣಿಗೆ ಬೀಳದಿದ್ದರೆ ಕಟ್ಟಡಕ್ಕೆ ಒಂದು ಕಳೆ. ಒಮ್ಮೆ ಯಾರದೋ ಕೂಸು ತಪ್ಪು ಹೊತ್ತಿನಲ್ಲಿ ಅತ್ತಿತು ಎಂದು ಆ ಇಡೀ ಮನೆಯವರನ್ನು ಅಂದೇ ಗಂಟುಮೂಟೆ ಕಟ್ಟಿಸಿ ಕಳಿಸಿದ್ದರು. ಆ ಗೋಡೆಯಾಚೆ ಉಸಿರು ಬಿಗಿಹಿಡಿದು ಕೂತು ಕೂತು ಯಮನವ್ವನ ಹರೆಯ ಕಳೆದಿತ್ತು. ಮುಕಾದಮನ ವಿದ್ಯೆ ಆಕೆಗೆ ಚೆನ್ನಾಗಿಯೇ ಹತ್ತಿತ್ತು.

ಮರುದಿನ ಬೆಳಗಾಗುತ್ತಲೇ ಆಕೆ ನಿವಾರಾವನ್ನು ಖಾಲಿ ಮಾಡಿಸಿದಳು. ಕೆಲಸಕ್ಕೆ ಹೋಗುವವರು ಹೇಗೂ ಹೋಗುತ್ತಾರೆ, ಅವರ ಗಂಟುಗಳೂ ಹೋಗಲಿ ಎಂದಳು. ಮದುವೆ ಕಾರ್ಯಾಲಯದಲ್ಲಿ ರಾತ್ರಿಯೆಲ್ಲ ಪಾತ್ರೆ ತೊಳೆದು ಆಗಷ್ಟೇ ಬಂದು ಬಿದ್ದುಕೊಂಡಿದ್ದ ದತ್ತುವಿನ ಕೌದಿಯನ್ನು ಎಳೆದು, "ಏಳಪಾ ಮಹಾರಾಜ, ಹೊರಗ ನಿನ್ನ ಸಲುವಾಗಿ ಊರೆಲ್ಲಾ ಕಾಯಕತ್ತದ," ಎಂದು ಎಬ್ಬಿಸಿದಳು. ಕೊನೆಗೆ ಉಳಿದವನು ಜಟ್ಟೆಪ್ಪ. ವಿಜಯಪುರದ ಕಡೆಯ ಮುದುಕ, ಹಳೆಯ ಗೌಂಡಿ, ಸಕ್ಕರೆ ಕಾಯಿಲೆಯಿಂದ ಕಾಲು ಹುಣ್ಣಾಗಿ ಹಗಲೂ ಅಲ್ಲೇ ಇರಲು ಅನುಜಾಳೇ ಒಪ್ಪಿಗೆ ಕೊಟ್ಟಿದ್ದಳು.

"ತಂಗೀ, ನನ್ನ ಕಾಲ..."

"ಕಾಲೂ ತಗೊಂಡ ಹೋಗು. ಇಲ್ಲಿ ಬಿಟ್ಟು ಹೋಗಬ್ಯಾಡ."

ಮುದುಕ ನಕ್ಕು, ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದ.

ಆಮೇಲೆ ಯಮನವ್ವ ಸೆರಗು ಸಿಕ್ಕಿಸಿದಳು. ನೆಲಕ್ಕೆ ಎರಡೆರಡು ಸಲ ಫಿನೈಲು. ಹಗ್ಗದ ಮೇಲಿನ ಚಡ್ಡಿ ಬನಿಯನ್‌ಗಳು, ಕಿಟಕಿಯಲ್ಲಿದ್ದ ಹಲ್ಲುಜ್ಜುವ ಬ್ರಶ್ಶುಗಳು, ಮಂಚದ ಕೆಳಗಿನ ಚಪ್ಪಲಿ, ಜಟ್ಟೆಪ್ಪನ ಮುಲಾಮು, ಹೆಂಗಸರ ಕನ್ನಡಿ ಚೂರು ಎಲ್ಲವೂ ಗೋಣಿಚೀಲ ಸೇರಿ ತಾರಸಿಗೆ ಹೋದವು. ಯಾರೋ ಪುಣ್ಯಾತ್ಮರು ದಾನ ಕೊಟ್ಟ ಬಿಳಿಯ ಚಾದರಗಳನ್ನು, ಈ ಮಂದಿಗೆ ಅವು ದಂಡ ಎಂದು ಅಂದಿನಿಂದಲೂ ಕಪಾಟಿನಲ್ಲಿಟ್ಟಿದ್ದಳು. ಅವನ್ನು ತೆಗೆದು ಮಂಚ ಮಂಚಕ್ಕೂ ಬಿಗಿಯಾಗಿ ಹಾಸಿದಳು. ಬಾಗಿಲಲ್ಲಿ ರಂಗೋಲಿ ಹಾಕಿ, ಊದಿನಕಡ್ಡಿ ಹಚ್ಚಿ ಹಿಂದೆ ಸರಿದು ನೋಡಿದಳು. ಮನುಷ್ಯರು ಎಂದೂ ಕಾಲಿಡದ ಜಾಗದಂತಿತ್ತು. ಆಕೆ ಹೆಮ್ಮೆಯಿಂದ ಸೆರಗಿನಲ್ಲಿ ಮುಖ ಒರೆಸಿಕೊಂಡಳು.

ಸಾಹೇಬರು ಬಂದರು. ಮುಂದೆ ರಾಜೀವ ಎಂಬ ಅಧಿಕಾರಿ, ಹಿಂದೆ ಅವನು ತಲೆಯಾಡಿಸಿದಾಗ ತಲೆಯಾಡಿಸಲು ಇಬ್ಬರು. ರಾಜೀವ ಸಾಹೇಬ ಮಂಚಗಳ ನಡುವೆ ನಡೆದ, ಚಾದರ ಮುಟ್ಟಿದ, ಅದರ ಹೊಸ ಮಡಿಕೆಯ ಗೆರೆಯ ಮೇಲೆ ಬೆರಳಾಡಿಸಿದ. ಇಲ್ಲಿ ಯಾರಿರುತ್ತಾರೆ ಎಂದು ಮರಾಠಿಯಲ್ಲಿ ಕೇಳಿದ.

"ಭರ್ತಿ ಇರ್ತಾರೆ ಸಾಹೇಬರೇ," ಎಂದಳು ಯಮನವ್ವ, ತನ್ನ ಸೈಟಿನ ಮರಾಠಿಯಲ್ಲಿ. "ತಾವು ಬರ್ತೀರಿ ಅಂತ ಎಲ್ಲರನ್ನೂ ಹೊರಗೆ ಹಾಕಿದ್ದೇನೆ."

ಅನುಜಾ ಗಡಬಡಿಸಿ ಮುಂದೆ ಬಂದಳು. ಹಗಲು ಅವರೆಲ್ಲ ದುಡಿಯಲು ಹೋಗುತ್ತಾರೆ ಎಂದು ಏನೋ ತೇಪೆ ಹಾಕಲು ನೋಡಿದಳು.

"ದುಡಿಯಲು ಹೋಗುವವರು ಹಲ್ಲುಜ್ಜುವ ಬ್ರಶ್ಶನ್ನೂ ಜೊತೆಗೆ ಒಯ್ಯುತ್ತಾರಾ ಮೇಡಂ?" ಎಂದ ರಾಜೀವ ಸಾಹೇಬ. "ನಾವು ಬರುವ ಹಿಂದಿನ ದಿನ ಮಂಚ ತಂದು ಹಾಕುವ ಜಾಗಗಳನ್ನು ನಾನು ನೋಡಿದ್ದೇನೆ. ಯಾರೂ ಇಲ್ಲದ ಕಡೆಗೆ ಅನುದಾನ ಕೊಡಿ ಅಂತ ನಾನು ಹೇಗೆ ಹೇಳಲಿ?"

ಅವನು ದಡ್ಡನಾಗಿದ್ದರೆ ಬೈದಾದರೂ ಸಮಾಧಾನ ಮಾಡಿಕೊಳ್ಳಬಹುದಿತ್ತು. ಆದರೆ ಅವನು ನೋಡಿದ್ದನ್ನೇ ಹೇಳಿದ್ದ. ಚಹಾ ಮುಟ್ಟದೆ ಮೂವರೂ ಹೊರಟುಹೋದರು.

ಅನುಜಾ ಮೆಟ್ಟಿಲ ಮೇಲೆ ಕುಸಿದು ಕೂತಳು. "ಮಂದೀನ್ನ ಯಾಕ್ರೀ ಹೊರಗ ಹಾಕಿದ್ರಿ, ಯಮನವ್ವಾ? ಅವ್ರನ್ನ ತೋರಸ್ಲಿಕ್ಕೇ ಅಲ್ಲೇನ್ರೀ ಸಾಹೇಬ್ರನ್ನ ಕರದದ್ದು?"

"ಇಂಥಾ ಮಂದೀನ್ನ ಸಾಹೇಬ್ರ ಎದುರಿಗೆ ಯಾರರ ಕುಂಡ್ರಸ್ತಾರೇನ್ರಿ ಬಾಯಾರ?"

ಅನುಜಾ ತಲೆಯ ಮೇಲೆ ಕೈ ಹೊತ್ತಳು. ಆಗ ಯಮನವ್ವನಿಗೆ ತಾನು ಮಾಡಿದ್ದೇನು ಎಂಬುದು ನಿಧಾನಕ್ಕೆ ಒಳಗಿಳಿಯತೊಡಗಿತು. ಬಾಗಿಲು ಹಾಕಿದರೆ ಈ ಮಂದಿ ಫ್ಲೈಓವರಿನ ಕೆಳಗೆ ಹೋಗುತ್ತಾರೆ. ಸ್ಟಾಫ್ ಎಲ್ಲಿಗೆ ಹೋಗುತ್ತದೆ?

ಸಂಜೆ ಎಲ್ಲರೂ ಬಂದ ಮೇಲೆ ಆಕೆ ದೊಡ್ಡ ಕೋಣೆಯ ನಡುವೆ ನಿಂತು ಆದದ್ದನ್ನು ಹೇಳಿದಳು. ಬೈಗುಳಕ್ಕೆ ಮೈ ಗಟ್ಟಿ ಮಾಡಿಕೊಂಡು ನಿಂತಳು. ಬೈದರೆ ತಿರುಗಿ ಬೈಯಬಹುದು, ಆಗ ಎದೆ ಹಗುರಾಗಬಹುದು ಎಂದು ಒಳಗೊಳಗೆ ಕಾಯುತ್ತಲೂ ಇದ್ದಳು. ಯಾರೂ ಬೈಯಲಿಲ್ಲ.

"ನೀ ಮಾಡಿದ್ದು ಬರೋಬರಿ ಅದ, ತಂಗಿ," ಎಂದ ಜಟ್ಟೆಪ್ಪ. ದಿನವಿಡೀ ಫುಟ್‌ಪಾತಿನಲ್ಲಿ ಕೂತು ಅವನ ಕಾಲು ಊದಿತ್ತು. "ಈ ಹೊಲಸ ಕಾಲು ಸಾಹೇಬ್ರ ಕಣ್ಣಿಗೆ ಬಿದ್ದಿದ್ರ ಇನ್ನಾ ಭಾಳ ಸಿಟ್ಟಿಗೇಳ್ತಿದ್ರು."

"ನಾ ಅವ್ರ ಗಾಡಿ ನೋಡಿ ಆ ಕಡೆ ಸಂದಿಯಾಗ ಹೋಗಿ ಕುಂತಿದ್ದೆ," ಎಂದ ದತ್ತು, ಶಹಬ್ಬಾಸ್ ಅನ್ನಿಸಿಕೊಳ್ಳುವವನ ಹಾಗೆ.

ಯಮನವ್ವನಿಗೆ ಹೇಸಿಗೆಯೆನಿಸಿತು. ಎಂಥ ಮಂದಿ ಇವರು! ಹೊರಗೆ ಹಾಕಿದರೆ ಉಪಕಾರವಾಯಿತು ಎನ್ನುವವರು, ತಮ್ಮ ನೆರಳನ್ನೂ ಮಡಿಚಿ ಬಗಲಲ್ಲಿಟ್ಟುಕೊಂಡು ಓಡಾಡುವವರು. ತೂ ಎಂದು ಉಗಿಯಲು ಬಾಯಿ ತೆರೆದಳು. ಹೆಗಲ ಮೇಲೆ ಕೂಸು ಹಾಕಿಕೊಂಡು, ಅದು ಅಳಬಾರದೆಂದು ಅದರ ಬಾಯಿಗೆ ಅಂಗೈ ಒತ್ತಿ ಹಿಡಿದು ಗೋಡೆಯಾಚೆ ಕೂತಿದ್ದವಳು ಯಾರು ಎಂಬುದು ಆಗ ನೆನಪಾಯಿತು. ಅಂದು ಆಕೆ ಬೈಯದೆ ಅನ್ನ ಬಡಿಸಿದಳು.

ಊಟವಾದ ಮೇಲೆ, ನಾಳೆ ಎಲ್ಲರೂ ಪಾಲಿಕೆಗೆ ಬರಬೇಕು, ಸಾಹೇಬರು ಕಣ್ಣಾರೆ ನೋಡಲಿ ಎಂದಳು. ಒಬ್ಬರೂ ಒಪ್ಪಲಿಲ್ಲ. ಅಂಥ ಕಚೇರಿಗೆ ನಾವು ಹೇಗೆ ಹೋಗುವುದು ಎಂದರು. ಆಕೆ ಬೈದಳು, ಬೇಡಿದಳು, ಮತ್ತೆ ಬೈದಳು. ಮರುದಿನ ಬಂದವನು ಜಟ್ಟೆಪ್ಪ ಒಬ್ಬನೇ. ಅವನಿಗೆ ಹೋಗಲು ಬೇರೆ ಕೆಲಸವಿರಲಿಲ್ಲ.

ಅನುಜಾ ಇಬ್ಬರನ್ನೂ ರಾಜೀವ ಸಾಹೇಬನ ಮುಂದೆ ನಿಲ್ಲಿಸಿದಳು. ಸಾಹೇಬ ಮುದುಕನ ಕಾಲಿನ ಪಟ್ಟಿ ನೋಡಿದ, ಅವನು ಮಲಗುವ ಜಾಗದ ಬಗ್ಗೆ ಒಂದೆರಡು ಮಾತು ಕೇಳಿದ, ಕುರ್ಚಿ ಹಾಕಿಸಿದ. ಕೆಟ್ಟವನೇನಲ್ಲ.

"ಮೇಡಂ, ಒಬ್ಬರನ್ನು ಯಾರು ಬೇಕಾದರೂ ಕರೆತರಬಹುದು. ಇನ್ಯಾರಿದ್ದಾರೆ?"

"ನಾನಿದ್ದೇನೆ," ಎಂದಳು ಯಮನವ್ವ.

"ನೀವು ಸ್ಟಾಫ್ ಅಲ್ಲವೇ, ಮಾವಶಿ?" ಎಂದ ಸಾಹೇಬ, ಮರಾಠಿಯಲ್ಲಿ ಚಿಕ್ಕಮ್ಮನನ್ನು ಕರೆಯುವ ಹಾಗೆ.

ಹೌದು ಎನ್ನಲು ಹೊರಟ ಅನುಜಾಳ ತೋಳನ್ನು ಯಮನವ್ವ ಹಿಡಿದಳು. ಆಮೇಲೆ ಕಚೇರಿಯ ಹೊರಗಿನ ಬೆಂಚಿನವರಿಗೂ ಕೇಳಿಸುವಷ್ಟು ಗಟ್ಟಿಯಾಗಿ, ತನ್ನ ಹರಕು ಮರಾಠಿಯಲ್ಲಿ ಹೇಳಿದಳು. ನನಗೆ ಮನೆಯಿಲ್ಲ. ಊರಿನಲ್ಲೂ ಇಲ್ಲ, ಇಲ್ಲೂ ಇಲ್ಲ. ಬಂದ ದಿನದಿಂದ ಅಲ್ಲೇ ಮಲಗುತ್ತೇನೆ. ಅಕ್ಕಿ ಚೀಲ ಸರಿಸಿದರೆ ನನ್ನ ಕೌದಿ ಸಿಗುತ್ತದೆ, ಹೇಳದೆ ಕೇಳದೆ ಬಂದು ನೋಡಿ. ನಾನು ಬೇಘರ್.

ಆ ಮಾತನ್ನು ಆಕೆ ಎಷ್ಟು ಜನರ ಮುಖಕ್ಕೆ ಎಸೆದಿದ್ದಳೋ. ತನ್ನ ಬಾಯಿಯಿಂದ ತನಗಾಗಿ ಅದು ಹೊರಬರುವಾಗ ಕೆನ್ನೆ ಉರಿಯಿತು. ಬೆಂಚಿನ ಮೇಲೆ ಕೂತವರು ಕತ್ತು ಹೊರಳಿಸಿ ನೋಡಿದರು.

ಸಾಹೇಬ ಅಂದು ಸಂಜೆಯೇ ಬಂದ. ಮಂದಿ ಊಟಕ್ಕೆ ಕೂತಿದ್ದರು, ಹಗ್ಗದ ಮೇಲೆ ಬಟ್ಟೆ ಒಣಗುತ್ತಿದ್ದವು, ಯಾರದೋ ಕೆಮ್ಮು ನಿಂತಿರಲಿಲ್ಲ. ಅಕ್ಕಿ ಚೀಲಗಳ ಹಿಂದೆಯೂ ಇಣುಕಿದ. ಅನುದಾನ ಒಂದು ವರ್ಷಕ್ಕೆ ಮುಂದುವರಿಯಿತು.

ಆ ಆದೇಶದ ಜೊತೆಗೇ ಒಂದು ಸಾಲು ಬಂತು. ನಿವಾರಾದಲ್ಲಿ ಆಸರೆ ಪಡೆದವರು ಅಲ್ಲಿಯೇ ಪಗಾರಿ ನೌಕರರಾಗಿರುವಂತಿಲ್ಲ. ಯಾರಿಗೂ ಆಕೆಯ ಮೇಲೆ ಹಗೆಯಿರಲಿಲ್ಲ. ನಿಯಮ ಮೊದಲಿನಿಂದಲೂ ಇತ್ತು, ಆಕೆಯೇ ಹೋಗಿ ಬಾಯಿಬಿಟ್ಟು ಹೇಳಿದ್ದಳು. ಅನುಜಾ ಇದನ್ನು ಹೇಳುತ್ತ ಅತ್ತುಬಿಟ್ಟಳು.

"ಅಳಬ್ಯಾಡ್ರಿ ಬಾಯಾರ," ಎಂದಳು ಯಮನವ್ವ. "ಬಾಗ್ಲಾ ಹಾಕಲಿಲ್ಲಲ್ಲ, ಸಾಕು."

ಆಕೆಯ ಜಾಗಕ್ಕೆ ಕಿಶೋರ ಎಂಬ ನಡುವಯಸ್ಸಿನವನು ಬಂದ. ಸಾಮಾನಿನ ಕೋಣೆಗೆ ಮೇಜು ಹಾಕಿಸಿದ. ಯಮನವ್ವನಿಗೆ ಹೆಂಗಸರ ಕೋಣೆಯಲ್ಲಿ ಗೋಡೆ ಬದಿಯ ಮಂಚ ಸಿಕ್ಕಿತು. ಅವನು ಕೆಟ್ಟದಾಗಿ ಗುಡಿಸುತ್ತಾನೆ ಎಂದು ಆಕೆ ಗೊಣಗುತ್ತಿದ್ದಳು. ಆದರೆ ಈಗ ಆ ಗೊಣಗಾಟಕ್ಕೆ ಯಾರೂ ಬೆಚ್ಚುತ್ತಿರಲಿಲ್ಲ.

ಮಳೆಗಾಲದಲ್ಲಿ ಮತ್ತೆ ಪಾಲಿಕೆಯವರು ಬರುವವರಿದ್ದರು. ಕಿಶೋರನಿಗೆ ಹಿಂದಿನ ಸಲದ ಕತೆ ಯಾರೋ ಹೇಳಿದ್ದರು. ಬೆಳಿಗ್ಗೆಯೇ ಬಾಗಿಲಲ್ಲಿ ನಿಂತು, ಎಲ್ಲ ಬೇಘರ್ ಮಂದಿ ತಮ್ಮ ತಮ್ಮ ಮಂಚದ ಮೇಲೆ ಕೂತಿರಬೇಕು, ಕೌದಿ ಮಡಿಸಬಾರದು, ಸಾಹೇಬರಿಗೆ ಎಲ್ಲರೂ ಕಾಣಬೇಕು ಎಂದು ಕೂಗಿ ಹೇಳಿದ. ಜಟ್ಟೆಪ್ಪ ಕಾಲು ಚಾಚಿ ಕೂತ. ದತ್ತು ಕೂತ. ಯಮನವ್ವ ಅಡುಗೆಮನೆಯ ಬಾಗಿಲಲ್ಲಿ ಎಂದಿನಂತೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಮಾವಶಿ, ನೀವೂ," ಎಂದ ಕಿಶೋರ.

ಆಕೆ ಅವನನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿದಳು. ಆಮೇಲೆ ಹೋಗಿ ತನ್ನ ಮಂಚದ ಮೇಲೆ ಕೂತಳು.